ಅಮಾವಾಸ್ಯೆಗೂ ನಿಲ್ಲದ ಮಗ್ಗ

ಮೊನ್ನೆ ಹೊಲಿಗೆ ಯಂತ್ರ ಕಿರುಗುಟ್ಟಿತೆಂದು ಎರಡು ಹನಿ ಎಣ್ಣೆ ಬಿಟ್ಟೆ. ಮಗ್ಗದ ಎಣ್ಣೆಯದೇ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಓಣಿಯ ಎದುರುಮನೆ ಸಾಹುಕಾರ ಕಣ್ಣ ಮುಂದೆ ಬಂದು ನಿಂತ. ನಿಂತ ಎನ್ನುವುದೂ ತಪ್ಪೇ. ಆ ಮನುಷ್ಯ ಎಲ್ಲಿಯೂ ನಿಂತವನಲ್ಲ.

ಎಪ್ಪತ್ತರ ದಶಕದಲ್ಲಿ ಕೈಮಗ್ಗ ಕಿತ್ತು ಪಾವರ್‌ಲೂಮ್ ಹಾಕಿಸಿದವರಲ್ಲಿ ಆತ ಮೊದಲಿಗ. ಮನೆಯ ಪಡಸಾಲೆಯಲ್ಲೇ ಮಗ್ಗ, ಗೋಡೆಯಾಚೆ ಒಲೆ. ರೊಟ್ಟಿ ತಿನ್ನುತ್ತಲೇ ನೂಲಿನ ಎಳೆ ನೋಡುತ್ತಿದ್ದ. ಕರೆಂಟ್ ಹೋದರೆ ಓಣಿಯ ಮಂದಿಯೆಲ್ಲ ಕಟ್ಟೆಗೆ ಬಂದು ಎಲೆ-ಅಡಿಕೆ ಹಾಕಿಕೊಂಡು ಹರಟುತ್ತಿದ್ದರು. ಈತ ಸೈಕಲ್ ಹತ್ತಿ ಕರೆಂಟ್ ಆಫೀಸಿಗೆ ಜಗಳಕ್ಕೆ ಹೋಗುತ್ತಿದ್ದ. ಊರವರು ಕಷ್ಟಜೀವಿ ಎಂದು ಹೊಗಳುತ್ತಿದ್ದರು. ಹೊಗಳಿದವರಿಗೂ ಬುದ್ಧಿ ಇರಲಿಲ್ಲ. ಉಣ್ಣಲು ಉಡಲು ಕೊರತೆಯಿಲ್ಲ, ಮಕ್ಕಳ ಮದುವೆಯೂ ಆಗಿತ್ತು. ಯಾರು ಅಟ್ಟಿಸಿಕೊಂಡು ಬರುತ್ತಿದ್ದರೋ, ಆ ದೇವರಿಗೇ ಗೊತ್ತು.

ಆತನ ಹೆಂಡತಿಯನ್ನು ನಾವು ಕಾಕಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮಗ್ಗದ ಸದ್ದಿನಲ್ಲಿ ಆಕೆಯ ಸಂಸಾರವೆಲ್ಲ ಕೈಸನ್ನೆಯಲ್ಲೇ ನಡೆದಿತ್ತು. ನೇಕಾರರ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ, ಒರೆಸಿ, ಪೂಜೆ ಮಾಡುವ ರೂಢಿ. ಹೋಳಿಗೆ ಉಂಡ ಮೇಲೆ ಬೇರೆ ಓಣಿಗಳಲ್ಲಿ ಕಾಗೆ ಕೂಗಿದರೂ ಕೇಳುತ್ತಿತ್ತು. ಅಂಥ ಒಂದು ಮಧ್ಯಾಹ್ನ ಗಂಡ ಪಕ್ಕದಲ್ಲಿ ಕೂತು ಮಾತಾಡಬೇಕು ಎಂಬುದೊಂದೇ ಆಕೆಯ ಆಸೆ.

"ನಾ ಏನ್ ಬಂಗಾರ ಕೇಳಾಕತ್ತೇನೇನವ್ವ? ಬಾಜೂಕ ಕುಂತು ಒಂದ್ ಕಪ್ ಚಾ ಕುಡದ್ರ ಸಾಕು," ಎಂದು ನಮ್ಮವ್ವನ ಮುಂದೆ ಅನ್ನುತ್ತಿದ್ದಳು.

ಸಾಹುಕಾರ ಅದನ್ನೂ ಕೊಡಲಿಲ್ಲ. ಒಂದು ಮಗ್ಗಕ್ಕೆ ಕುಂಕುಮ ಹಚ್ಚಿ, ಉಳಿದವನ್ನು ಓಡಿಸುತ್ತಿದ್ದ. ದೇವರಿಗೇ ಟೋಪಿ ಹಾಕಿದ ಜಾಣ ಎಂದು ನಮ್ಮಪ್ಪ ನಗುತ್ತಿದ್ದ. ಕಾಕಿ ನಗುತ್ತಿರಲಿಲ್ಲ. ಗಂಡನಿಗೆಂದು ತಂದ ಚಹಾವನ್ನು ನಮ್ಮವ್ವನಿಗೆ ಕೊಟ್ಟು ಒಳಗೆ ಹೋಗುತ್ತಿದ್ದಳು... ಹಾಗೆಯೇ ವರ್ಷಗಳು ಕಳೆದವು.

ಬರುಬರುತ್ತಾ ಆಕೆಯನ್ನು ಕೂಗಿ ಮಾತಾಡಿಸಬೇಕಾಯಿತು. ಆಮೇಲೆ ಕೂಗಿದರೂ ಆಕೆ ನಮ್ಮ ತುಟಿಯನ್ನೇ ನೋಡತೊಡಗಿದಳು. ಮಗ್ಗದ ಸದ್ದು ಕಿವಿಯನ್ನು ತಿಂದುಹಾಕಿತ್ತು. ಓಣಿಗೆಲ್ಲ ಗೊತ್ತಾದದ್ದು ಗಂಡನಿಗೆ ಮಾತ್ರ ಗೊತ್ತಾಗಲಿಲ್ಲ. ಗೊತ್ತಾಗಲು ಆಕೆಯೊಡನೆ ಮಾತಾಡಬೇಕಿತ್ತಲ್ಲ.

ಕೊನೆಗೊಮ್ಮೆ ಆತ ಮಗ್ಗಗಳ ನಡುವೆಯೇ ತಲೆತಿರುಗಿ ಬಿದ್ದ. ಜಮಖಂಡಿಯ ಡಾಕ್ಟರು ಬಿಪಿ ನೋಡಿ, ಇನ್ನು ಕೆಲಸ ಬಿಟ್ಟು ಹೆಂಡತಿಯ ಜೊತೆ ಆರಾಮಾಗಿ ಕೂತು ಮಾತಾಡಿ ಎಂದರಂತೆ. ಆರಾಮವನ್ನೂ ಆತ ಗುತ್ತಿಗೆ ಹಿಡಿದ. ಮಗ್ಗ ಮಾರಿದ. ನಾಲ್ಕು ಗಂಟೆಗೆ ಸರಿಯಾಗಿ ಕಟ್ಟೆಗೆ ಬಂದು, ಗಡಿಯಾರ ನೋಡಿಕೊಂಡು ಮಾತು ಶುರು ಮಾಡುತ್ತಿದ್ದ. ಆತನ ಕಿವಿಯೂ ಮಂದವಾಗಿತ್ತು, ಹಾಗಾಗಿ ಆಡಿದ್ದೆಲ್ಲ ಓಣಿಗೇ ಕೇಳುತ್ತಿತ್ತು. ಮೊದಮೊದಲು ಬರೀ ನೂಲಿನ ಧಾರಣೆ, ವ್ಯಾಪಾರಿಗಳಿಗೆ ಬೈಗುಳ. ದಿನ ಕಳೆದಂತೆ ಗಡಿಯಾರ ನೋಡುವುದು ಮರೆತ.

"ನಿನ್ನ ಕೂಡ ಕುಂದ್ರೂದ್ರಾಗ ಇಷ್ಟ್ ಸುಖ ಐತಿ ಅಂತ ನನಗ ಗೊತ್ತ ಇರಲಿಲ್ಲ ನೋಡು," ಎಂದ ಒಂದು ಸಂಜೆ.

ಕಾಕಿ ಮುಗುಳ್ನಕ್ಕು ಚಹಾದ ಕಪ್ಪನ್ನು ಆತನ ಕಡೆ ಸರಿಸಿದಳು.

ನಾನಾಗ ಮದುವೆಯಾಗಿ ಅದೇ ಓಣಿಯಲ್ಲಿದ್ದೆ. ಮರುದಿನ ಆಕೆ ಒಬ್ಬಳೇ ಸಿಕ್ಕಾಗ, ಅವರಂದದ್ದು ಕೇಳಿತೇನು ಎಂದು ಸನ್ನೆಯಲ್ಲೇ ಕೇಳಿದೆ.

"ಇಲ್ಲವ್ವ. ಬಾಯಿ ನೋಡ್ತೇನಿ, ಏನೋ ಛಲೋದು ಹೇಳಾಕತ್ತಾರ ಅಂತ ತಿಳಕೋತೇನಿ," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಕಿವಿ ಕೇಳೂದಿಲ್ಲ ಅಂತ ಅವರಿಗೆ ಹೇಳಬ್ಯಾಡ. ಮತ್ತ ಎದ್ದ್ ಹೋಗ್ತಾರ," ಎಂದಳು.

ನಾನು ಹೇಳಲಿಲ್ಲ. ಆತನ ಮೇಲಿನ ಮರುಕಕ್ಕಂತೂ ಅಲ್ಲ.

ಈಗ ಇಬ್ಬರೂ ಇಲ್ಲ. ಊರೂರಿಗೆ ಮನಸ್ಸಿನ ನೆಮ್ಮದಿಯ ಶಿಬಿರಗಳು ಬಂದಿವೆ. ಅಲ್ಲಿಗೂ ಮಂದಿ ಮೋಟರ್‌ಸೈಕಲ್ ಮೇಲೆ ಧಾವಿಸುತ್ತಾರೆ, ಮುಗಿಯುವ ಮೊದಲೇ ಎದ್ದು ಬರುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ಸಾಹುಕಾರನ ಮೇಲಿನ ಸಿಟ್ಟು ಮತ್ತೆ ಏಳುತ್ತದೆ. ಆಕೆ ತೀರಿಕೊಂಡ ದಿನ ಆತ ಅದೇ ಕಟ್ಟೆಯ ಮೇಲೆ ಕೂತು, "ನನ್ನ ಮಾತೆಲ್ಲ ಕೇಳಿದಾಕಿ ಹೋದಳಲ್ಲವ್ವ" ಎಂದು ನನ್ನ ಮುಂದೆ ಅತ್ತಿದ್ದ. ನಾನು ಆತನ ಮುಖ ನೋಡಿ ಒಳಗೆ ಹೋಗಿದ್ದೆ.