ಕಲರ್ ಮಾವನ ಒಂದೇ ಫೋಟೊ

ಬೀದಿಯ ಮಕ್ಕಳಿಗೆಲ್ಲ ಅವರು ಕಲರ್ ಮಾವ. ಮನೆಯಲ್ಲಿ ಒಂದು ಫೋಟೊ ಪ್ರಿಂಟ್ ಹಾಕಬೇಕೆಂದರೂ ಕರ್ಟನ್ ಎಳೆದು, ಬಣ್ಣ ಅಳೆಯುವ ಯಂತ್ರವನ್ನು ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ ಕಂಪ್ಯೂಟರ್ ಸ್ಕ್ರೀನಿಗೆ ಒತ್ತಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಕೆಂಪು ಅಂಗಿ ತೊಟ್ಟು ಬಂದ ಸ್ವಂತ ಭಾವಮೈದುನನನ್ನೇ "ನಿನ್ನ ಅಂಗಿ ಬಣ್ಣ ಸ್ಕ್ರೀನ್ ಮೇಲೆ ಹೊಡೀತಿದೆ, ಆಚೆ ನಿಂತ್ಕೊಳೋ ಮಾರಾಯ" ಎಂದು ಅಟ್ಟಿದವರು. "ಇಂಕು ಮುಗಿಯುತ್ತೆ, ಇವರ ಹಠ ಮುಗಿಯಲ್ಲ" ಎಂದು ಹೆಂಡತಿ ಗೊಣಗುತ್ತಾರೆ. ಇಷ್ಟೆಲ್ಲ ಪಾಡು ಮೂರು ವರ್ಷಕ್ಕೇ ತೀರಿಕೊಂಡ ಮಗಳ ಫೋಟೊಗಾಗಿ. ಉಳಿದಿರುವುದೇ ಅದೊಂದು, ಅದೂ ಮಾಸಿ ಹಳದಿಗೆ ತಿರುಗಿದೆ. ಇವತ್ತೂ ಅದನ್ನು ಸ್ಕ್ಯಾನ್ ಮಾಡಿ, ತಿದ್ದಿ, ಪ್ರಿಂಟ್ ತೆಗೆದು ಹೆಂಡತಿಯ ಮುಂದೆ ಹಿಡಿದರು: "ಕೆನ್ನೆ ಇಷ್ಟೇ ಕೆಂಪಿತ್ತಾ ನೋಡೇ." ಆಕೆ ಬಹಳ ಹೊತ್ತು ನೋಡಿದರು. "ನನಗೂ ಈಗ ನೆನಪಾಗ್ತಿಲ್ಲ ರೀ."