ಟೊಪ್ಪಿಗೆಯ ಮೇಲೊಂದು ಹೆಲ್ಮೆಟ್

ಮಾಮಾ ತಲೆಯನ್ನು ಬಲಕ್ಕೆ ಹೊರಳಿಸಿದರು. ಹೆಲ್ಮೆಟ್ ಹೊರಳಲಿಲ್ಲ.

ನಗಬೇಡಿ. ಕಳೆದ ತಿಂಗಳು ಉಗಾರ ಖುರ್ದದ ರಸ್ತೆಯಲ್ಲಿ ನಡೆದದ್ದು ಇಷ್ಟೇ. ಹಿಂದಿನಿಂದ ಎರಡು ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬರುತ್ತಿತ್ತು, ಅದೂ ಎದೆ ನಡುಗುವಂಥ ಹಾಡು ಹಚ್ಚಿಕೊಂಡು. ಎಷ್ಟು ಹತ್ತಿರ ಬಂತು ಎಂದು ನೋಡಲು ಮಾಮಾ ಹೊರಳಿದರು. ಕಣ್ಣಿಗೆ ಕಂಡದ್ದು ಟ್ರ್ಯಾಕ್ಟರ್ ಅಲ್ಲ, ಹೆಲ್ಮೆಟ್ಟಿನ ಒಳಗಿನ ಸ್ಪಂಜು!

ಬೈಕು ರಸ್ತೆ ಬಿಟ್ಟಿತು. ಪುಣ್ಯಕ್ಕೆ ಬದಿಯಲ್ಲಿ ಕಬ್ಬಿನ ಒಣ ಎಲೆಯ ದೊಡ್ಡ ರಾಶಿ ಇತ್ತು, ಮಾಮಾ ಅದರ ಮೇಲೆ ಬಿದ್ದರು. ಹೆಲ್ಮೆಟ್ ಮಾತ್ರ ತಲೆಯಿಂದ ಹಾರಿ ರಸ್ತೆಗೆ ಉರುಳಿತು. ಟ್ರೇಲರಿನ ಹಿಂದಿನ ಗಾಲಿ ಅದರ ಮೇಲೆ ಹಾದು ಹೋಯಿತು.

ಮಾಮಾನಿಗೆ ಆದದ್ದು ಅಂಗೈ ತರಚಿದ ಗಾಯ ಅಷ್ಟೇ. ಆದರೆ ಚಿಕ್ಕೋಡಿಯಲ್ಲಿ ಕುಳಿತು ಸುದ್ದಿ ಕೇಳಿದ ನನಗೆ ಒಂದೇ ಪ್ರಶ್ನೆ. ತಲೆಯ ಮೇಲೆ ಇರಬೇಕಾದದ್ದು ತಲೆಯನ್ನು ಬಿಟ್ಟು ಹೋದದ್ದು ಹೇಗೆ?

ಅಪ್ಪಾಸಾಬ ಮಾಮಾ ನನ್ನ ತಾಯಿಯ ತಮ್ಮ. ವಯಸ್ಸು ಅರವತ್ತು. ಸಕ್ಕರೆ ಕಾರ್ಖಾನೆಗೆ ಮೂವತ್ತು ವರ್ಷ ಸೈಕಲ್ ತುಳಿದವರು. ರಿಟೈರ್ ಆದ ಮೇಲೆ ಮೊದಲ ಬಾರಿಗೆ ಮೋಟರ್ ಸೈಕಲ್ ಕೊಂಡರು. (ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದ ನೆರೆಯವರಿಗೆ ಮಾಮಿ ಕೊಟ್ಟ ಉತ್ತರ: "ಮತ್ತ ಯಾವ ವಯಸ್ಸಿನ್ಯಾಗ್ರಿ? ಕಾರ್ಖಾನಿ ಬಿಡೂ ತನಕ ಪುರುಸೊತ್ತ ಎಲ್ಲಿತ್ತು?") ಕಲಿತು ಹದಿನೈದು ದಿನ ಆಗಿತ್ತು. ಮಗಳ ಮನೆ ತೆಲಸಂಗದಲ್ಲಿ. ಅಲ್ಲಿ ಹೊಸ ಮನೆಯ ವಾಸ್ತು, ಅಂದರೆ ಗೃಹಪ್ರವೇಶ. ಗಂಡ-ಹೆಂಡತಿ ಇಬ್ಬರೂ ಅದಕ್ಕೆ ಹೊಸ ಗಾಡಿಯ ಮೇಲೆಯೇ ಹೋಗುವುದು ಎಂದು ನಿಶ್ಚಯ ಮಾಡಿದ್ದರು.

ಹೊಸಬರಿಗೆ ಏನೇನು ಬೇಕು ಎಂದು ನಾನು ಮಾಮಾನಿಗೆ ಫೋನಿನಲ್ಲಿ ಅರ್ಧ ತಾಸು ಭಾಷಣ ಬಿಗಿದಿದ್ದೆ. ಗ್ಲೌಸ್, ಬೂಟು, ದಪ್ಪ ಜಾಕೆಟ್, ಹೆಲ್ಮೆಟ್ಟಿನ ಮೇಲೆ ಐಎಸ್ಐ ಗುರುತು. ಎಲ್ಲ ಹೇಳಿದ್ದೆ. ಒಂದು ಮಾತು ಬಿಟ್ಟು. ಟೊಪ್ಪಿಗೆ ತೆಗೆಯಿರಿ ಎಂದು ಹೇಳಿರಲಿಲ್ಲ. ಅದನ್ನೂ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ ಹೇಳಿ?

ಮಾಮಾ ನಿಪ್ಪಾಣಿಗೆ ಮದುವೆಗೆ ಹೋದವರು, ರಸ್ತೆ ಬದಿಯಲ್ಲಿ ಹೆಲ್ಮೆಟ್ ಗುಡ್ಡೆ ಹಾಕಿ ಮಾರುವವನ ಹತ್ತಿರ ನಿಂತು "ಟೊಪಗಿ ಸಮೇತ ಕುಂಡ್ರೂದ ಕೊಡಪಾ" ಎಂದಿದ್ದಾರೆ. ಅವನೂ ಕೊಟ್ಟಿದ್ದಾನೆ! ಬಿಳಿ ಟೊಪ್ಪಿಗೆ, ಅದರ ಮೇಲೆ ಎರಡು ಸೈಜು ದೊಡ್ಡ ಹೆಲ್ಮೆಟ್. ಗದ್ದದ ಕೆಳಗೆ ಜೋತಾಡುವ ಬೆಲ್ಟು. ಗಾಜು ಬೇರೆ ಕರ್ರಗೆ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಮಾನ ವಯಸ್ಸಿನ ಗಂಡಸರು ಬರಿ ತಲೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲುವುದು ಸಾವಿನ ಮನೆಯಲ್ಲಿ ಮಾತ್ರ. ನಾನು ಹುಟ್ಟಿದಾಗಿನಿಂದ ಮಾಮಾನ ನೆತ್ತಿ ನೋಡಿದ್ದು ಒಮ್ಮೆ, ಅಜ್ಜ ತೀರಿಕೊಂಡ ದಿನ.

ಬಿದ್ದ ಮರುದಿನವೇ ನಾನು ಉಗಾರಕ್ಕೆ, ಮಾಮಾನ ಮನೆಗೆ ಓಡಿದೆ. ಮನೆಯಲ್ಲಿ ಯುದ್ಧ ನಡೆದಿತ್ತು.

"ಇನ್ನ ಹೆಲ್ಮೆಟ್ಟೂ ಬ್ಯಾಡ, ಗಿಲ್ಮೆಟ್ಟೂ ಬ್ಯಾಡ. ಸಾವಕಾಶ ಹೊಡಿತೇನಿ" ಎಂದರು ಮಾಮಾ.

"ಹಂಗಾರ ನೀವ ಒಬ್ಬರ ಹೋಗ್ರಿ. ನಾ ಬರಾಂಗಿಲ್ಲ" ಎಂದರು ಮಾಮಿ.

"ಟೊಪಗಿ ತಗದ ಹಾಕ್ಕೋತೇನಿ ಅನ್ನ. ಬೀಗರ ಮನಿ ಮುಂದ ಇಳದ ಹೆಲ್ಮೆಟ್ ತಗದ್ರ ಏನ ಕಾಣತೈತಿ? ಬರೇ ತಲಿ! ವಾಸ್ತು ದಿನಾ! ಯಾರ ಹೋದ್ರು ಅಂತ ಕೇಳ್ತಾರ ಮಂದಿ" ಎಂದು ಮಾಮಾ ಸಿಡುಕಿದರು.

ನಾನು ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಅಥಣಿಗೆ ಕರೆದುಕೊಂಡು ಹೋದೆ. ಅಲ್ಲೊಂದು ಒಳ್ಳೆಯ ಹೆಲ್ಮೆಟ್ ಅಂಗಡಿ ಇದೆ ಎಂದು ಕೇಳಿದ್ದೆ. ಒಳಗೆ ಹೋದರೆ ಅಂಗಡಿಯಾಕೆ ನನ್ನ ವಯಸ್ಸಿನ ಹೆಂಗಸು, ಕೈಯಲ್ಲಿ ದರ್ಜಿಯ ಟೇಪು. ಮಾಮಾ ಬಾಗಿಲಲ್ಲೇ ನಿಂತರು. ಗುರುತಿಲ್ಲದ ಹೆಂಗಸಿನ ಮುಂದೆ ಟೊಪ್ಪಿಗೆ ತೆಗೆಯುವುದೇ?

"ಬರ್ರಿ ಮಾಮಾ, ಟೊಪಗಿ ತಗೀರಿ, ಅಳತಿ ತಗೋತೇನಿ."

"ಮ್ಯಾಲಿಂದನ ತಗೋ ತಂಗಿ."

"ಥಾಂಬಾ, ತಡೀರಿ ಮಾಮಾ, ಟೊಪಗಿಗಿ ಹೆಲ್ಮೆಟ್ ಬೇಕೇನ, ತಲಿಗಿ ಬೇಕ?"

ಮಾಮಾ ಕೆಳಗೆ ನೋಡಿದರು. ನಾನು ಮೇಲೆ ನೋಡಿದೆ. ಆಗ ಮಾಮಿ ಎದ್ದರು ನೋಡಿ! ನೆಟ್ಟಗೆ ಹೋಗಿ, ಗಂಡನ ತಲೆಯ ಟೊಪ್ಪಿಗೆಯನ್ನು ತಮ್ಮ ಕೈಯಿಂದಲೇ ತೆಗೆದು, ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

"ಇದು ನನ್ನ ಹಂತ್ಯಾಕ ಇರತೈತಿ. ತೆಲಸಂಗದ ಊರ ಅಗಸಿ ಬಾಗಲ ಹೊರಗ ಗಾಡಿ ನಿಲ್ಲಸ್ರಿ. ಹೆಲ್ಮೆಟ್ ತಗೀರಿ, ಟೊಪಗಿ ಹಾಕ್ತೇನಿ. ಅಲ್ಲಿಂದ ಗಾಡಿ ದೂಡಕೋತ ನಡದ ಹೋಗೂಣು. ಯಾರ ನೋಡ್ತಾರ?"

ಇಡೀ ಮನೆಯ ಕಗ್ಗಂಟು ನಾಲ್ಕು ಮಾತಿನಲ್ಲಿ ಬಿಚ್ಚಿತು. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. (ತಟ್ಟಿಯೂ ಬಿಟ್ಟೆ.)

ಆಮೇಲೆ ನಡೆದದ್ದು ಹಬ್ಬ. ಅಂಗಡಿಯಾಕೆ ಹುಬ್ಬಿನ ಮೇಲೆ ಟೇಪು ಸುತ್ತಿ ಅಳತೆ ತೆಗೆದರು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿಸಿದರು. "ಗಲ್ಲ ಹಿಂಡಾಕತ್ತೈತಿ" ಎಂದು ಮಾಮಾ ಒಳಗಿನಿಂದ ಕೂಗಿದರು. "ಹಿಂಡಬೇಕ್ರಿ. ಹೊಸದ ಐತಿ, ಬರಬರತ ಸಡಿಲ ಆಗತೈತಿ" ಎಂದು ಆಕೆ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದರು. ಈ ಸಲ ಹೆಲ್ಮೆಟ್ಟಿನ ಜೊತೆ ಮಾಮಾನೂ ಪೂರ್ತಿ ಅಲ್ಲಾಡಿದರು. ಅದೇ ಪರೀಕ್ಷೆಯಂತೆ! ಬೆಲ್ಟು ಮತ್ತು ಗದ್ದದ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಕರಿ ಗಾಜು ಬೇಡ, ಸೂರ್ಯ ಇಳಿದ ಮೇಲೆ ಎದುರಿನ ಬಂಡಿಯೂ ಕಾಣುವುದಿಲ್ಲ.

ಮಾಮಾನ ತರಚಿದ ಅಂಗೈ ನೋಡಿ ಗ್ಲೌಸ್ ಕೊಟ್ಟರು. ಕರ್ ಕರ್ ಎನ್ನುವ ಚಪ್ಪಲಿ ನೋಡಿ "ಇದು ಬೀಗರ ಮನ್ಯಾಗ ಚಂದ, ಗೇರ್ ಮ್ಯಾಲ ಅಲ್ಲ" ಎಂದರು. ಹಿಮ್ಮಡಿ ಮುಚ್ಚುವ ಬೂಟು ಬಂತು. ಭುಜಕ್ಕೂ ಮೊಣಕೈಗೂ ಮೆತ್ತೆ ಇರುವ ಜಾಕೆಟ್ ಬಂತು. ಮಾಮಾ ಕನ್ನಡಿಯ ಮುಂದೆ ನಿಂತು ತಿರುಗಿ ತಿರುಗಿ ನೋಡಿಕೊಂಡರು. ಅರವತ್ತು ವರ್ಷದ ಮನುಷ್ಯ ಮದುಮಗನ ಹಾಗೆ ನಾಚಿಕೊಂಡದ್ದನ್ನು ನಾನು ಈ ಕಣ್ಣಿಂದ ಕಂಡೆ. ಎಲ್ಲ ಮುಗಿಯಿತು. ಕಟ್ಟಿಸಿಕೊಂಡು ಹೊರಡಬೇಕು.

"ಮತ್ತ ಮಾಮಿಗಿ?" ಎಂದರು ಅಂಗಡಿಯಾಕೆ.

"ಆಕಿಗ್ಯಾಕ? ಆಕಿ ಹಿಂದ ಕುಂಡ್ರಾಕಿ" ಎಂದರು ಮಾಮಾ, ಮುಗ್ಧವಾಗಿ.

"ಹಿಂದ ಕುಂತಾಕಿ ಬಿದ್ದರ ಹಾಸಿಗಿ ಮ್ಯಾಲ ಬೀಳತಾಳೇನ್ರಿ ಮಾಮಾ?"

ನನಗೆ ನಿಜವಾಗಿ ನಾಚಿಕೆಯಾಯಿತು. ಅರ್ಧ ತಾಸಿನ ಭಾಷಣ ಬಿಗಿದವಳು ನಾನು. ನಾನೂ ಒಬ್ಬ ಹೆಂಗಸು. ನನ್ನ ಪಟ್ಟಿಯಲ್ಲಿ ಮಾಮಿಯ ತಲೆ ಇರಲೇ ಇಲ್ಲ. ಗಂಡನ ತಲೆಗಾಗಿ ಅಷ್ಟೆಲ್ಲ ಜಗಳ ಮಾಡಿದ ಮಾಮಿಗೂ ತಮಗೊಂದು ತಲೆ ಇರುವುದು ನೆನಪಾಗಿರಲಿಲ್ಲ.

ಮಾಮಿಯ ಹೆಲ್ಮೆಟ್ ತುರುಬಿಗೆ ತಾಗಿ ಮೇಲೆಯೇ ನಿಂತಿತು. ಅವರು ಸರಸರನೆ ತುರುಬು ಬಿಚ್ಚಿ, ಕೆಳಗೆ ಹೆಣಲು ಜಡೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದರು. ಹೆಲ್ಮೆಟ್ ಸರಿಯಾಗಿ ಕೂತಿತು. ಕೆಂಪು ಬಣ್ಣವೇ ಬೇಕೆಂದು ಹಟ ಹಿಡಿದದ್ದೂ ಅವರೇ!

ವಾಸ್ತುವಿನ ದಿನ ನಾನು ಬಸ್ಸಿನಲ್ಲಿ ಮೊದಲೇ ತೆಲಸಂಗ ಮುಟ್ಟಿದ್ದೆ. ಹತ್ತು ಗಂಟೆಯ ಹೊತ್ತಿಗೆ ಬಂದರು ನೋಡಿ! ಮುಂದೆ ಟೊಪ್ಪಿಗೆ ಹಾಕಿಕೊಂಡು ಗಾಡಿ ದೂಡುತ್ತಿರುವ ಮಾಮಾ, ಹಿಂದೆ ಮಾಮಿ. ಗಂಡನ ತಲೆಯ ಗಡಿಬಿಡಿಯಲ್ಲಿ ತಮ್ಮ ಹೆಲ್ಮೆಟ್ ತೆಗೆಯುವುದನ್ನು ಮರೆತಿದ್ದರು. ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ಬೀಗತಿ ಕೆಂಪು ಹೆಲ್ಮೆಟ್ ನೋಡಿ ಗಾಬರಿಯಾದರು, "ಕುಂಕಮ ಎಲ್ಲಿ ಹಚ್ಚಲೆವ್ವ?" ಎಂದರು. ಮನೆ ತುಂಬ ನಗು. ನಾನಂತೂ ಕಣ್ಣೀರು ಬರುವ ತನಕ ನಕ್ಕೆ. ಇಷ್ಟು ದೂರದ ಹಾದಿಯಲ್ಲಿ, ಕಬ್ಬಿನ ಅಷ್ಟೊಂದು ಟ್ರ್ಯಾಕ್ಟರುಗಳ ನಡುವೆ, ಎರಡು ತಲೆಗಳು ಸುರಕ್ಷಿತವಾಗಿ ಬಂದಿದ್ದವು.

ನಗು ನಿಂತ ಮೇಲೆ ಬೀಗತಿ ಆ ಹೆಲ್ಮೆಟ್ಟನ್ನು ಈಸಿಕೊಂಡು ತಮ್ಮ ತಲೆಗೆ ಹಾಕಿ ನೋಡಿದರು. ಗಾಜು ಮೇಲೆತ್ತಿ, ಅಲ್ಲೇ ನಿಂತಿದ್ದ ಗಂಡನ ಕಡೆ ತಿರುಗಿದರು.

"ಹನ್ನೆರಡ ವರ್ಷ ಆತು, ನಿಮ್ಮ ಗಾಡಿ ಹಿಂದ ಕುಂಡ್ರಾಕ ಹತ್ತಿ. ನನಗ್ಯಾಕ ಒಂದು ತಂದಿಲ್ರಿ?"

ಬೀಗರು ಇನ್ನೂ ಉತ್ತರ ಕೊಟ್ಟಿಲ್ಲವಂತೆ. ನೀವು ಕೊಡುವಿರಾ?