ಆಲೂಗಡ್ಡೆಯನ್ನು ತರಕಾರಿ ಎಂದು ನಂಬಿದ ತಿಂಗಳು

ತಮ್ಮನ ಎರಡು ಮೂತ್ರಪಿಂಡಗಳೂ ಕೆಟ್ಟಿವೆ ಎಂದು ಗೊತ್ತಾದಾಗ ನನಗೆ ನಲವತ್ತೊಂದು ವರ್ಷ, ತೂಕ ಎಪ್ಪತ್ತೊಂಬತ್ತು ಕಿಲೋ. ಮನೆಯವರಲ್ಲಿ ಯಾರಾದರೂ ತಮ್ಮದೊಂದನ್ನು ಕೊಡಬೇಕಿತ್ತು. ಅಪ್ಪ ಬದುಕಿರಲಿಲ್ಲ, ಅವ್ವನಿಗೆ ಸಕ್ಕರೆ ಕಾಯಿಲೆಯಿತ್ತು. ತಮ್ಮನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಉಳಿದವಳು ಒಡಹುಟ್ಟಿದ ಅಕ್ಕ ನಾನೊಬ್ಬಳೇ. ನನ್ನದು ಎಲ್ಲವೂ ಹೊಂದಿತು, ತೂಕ ಒಂದನ್ನು ಬಿಟ್ಟು. ಇಷ್ಟು ದಪ್ಪ ಇರುವವರನ್ನು ಕೊಯ್ದರೆ ಕೊಡುವವರಿಗೇ ಅಪಾಯ, ಒಂಬತ್ತು ಕಿಲೋ ಇಳಿಸಿಕೊಂಡು ಬನ್ನಿ, ಆಮೇಲೆ ಮುಂದಿನ ಮಾತು ಎಂದರು ಕೊಯಮತ್ತೂರಿನ ಡಾಕ್ಟರು. ಅಲ್ಲಿಯವರೆಗೆ ತಮ್ಮ ವಾರಕ್ಕೆ ಎರಡು ಸಲ ಬೆಟ್ಟ ಇಳಿದು ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ ಕಾಯಬೇಕು. ಹೆಚ್ಚು ದಿನ ಹಾಗೆ ತಳ್ಳುವುದು ಒಳ್ಳೆಯದಲ್ಲ ಎಂದೂ ಹೇಳಿದರು.

ಒಂಬತ್ತು ಕಿಲೋ ಎಂದರೆ ನನಗೆ ನಗು ಬಂದಿತ್ತು. ಊಟಿ ಬೆಟ್ಟದ ಕಡೆ, ಕಟ್ಟಬೆಟ್ಟಿನ ಹತ್ತಿರ ನಮ್ಮ ಎರಡು ಎಕರೆ ಚಹಾ ತೋಟದಲ್ಲಿ ಒಂದು ಬೆಳಿಗ್ಗೆಗೆ ಅದರ ಎರಡರಷ್ಟು ಎಲೆ ಕೊಯ್ಯುವವಳು ನಾನು. ಕೊಯ್ದ ಎಲೆಯನ್ನು ಮೂಟೆ ಕಟ್ಟಿ ಕೊಟ್ಟು ಕಳಿಸಬಹುದು. ಮೈಗೆ ಅಂಟಿದ್ದನ್ನು ಯಾರಿಗೆ ಕೊಡುವುದು?

ನಾನು ತಿನ್ನುವವಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಲ್ಕು ಗಂಟೆಗೆ ತೋಟದಿಂದ ಬಂದು ಕೈ ತೊಳೆದು ಹೊಸ್ತಿಲ ಮೇಲೆ ಕೂತರೆ, ಹಾಲು ಸಕ್ಕರೆ ಧಾರಾಳವಾಗಿ ಹಾಕಿದ ಟೀ, ಜೊತೆಗೆ ಊಟಿಯ ಬೇಕರಿಯ ವರ್ಕಿ. ಪದರ ಪದರವಾಗಿ, ಕೈಗೆ ವನಸ್ಪತಿ ಅಂಟಿಸುವ, ಹಲ್ಲಿಗೆ ಕರಕ್ಕೆನ್ನುವ ವರ್ಕಿ. ಎರಡು ತಿಂದು ನಿಲ್ಲಿಸುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಮದುವೆ ಮನೆಯಲ್ಲಿ ಮೈದಾ ಹಿಟ್ಟಿನ ಸಿಹಿ ತುಪ್ಪದಿಟ್ಟು ಕರಿಯುವ ವಾಸನೆ ಬಂದರೆ, ಕರೆಯದಿದ್ದರೂ ಒಲೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಎರಡನ್ನೂ ಬಲ್ಲವಳಲ್ಲ.

ಆಸ್ಪತ್ರೆಯಲ್ಲಿ ತಮಿಳಿನಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟಿದ್ದರು. ಅನ್ನ ಕಡಿಮೆ, ಸಿಹಿ ಬೇಡ, ಕರಿದದ್ದು ಬೇಡ, ತರಕಾರಿ ಹೊಟ್ಟೆ ತುಂಬ. ಓದಿ ನಿರಾಳವಾಯಿತು. ನನ್ನ ತವರು ನಂಜನಾಡಿನ ಕಡೆ. ಅಲ್ಲಿ ತರಕಾರಿ ಎಂದರೆ ಮೊದಲು ಕಿಳಂಗು, ಅಂದರೆ ಆಲೂಗಡ್ಡೆ, ಆಮೇಲೆ ಕ್ಯಾರೆಟ್, ಕೋಸು. ಅಪ್ಪ ಮೆಟ್ಟಿಲು ಹೊಲದಲ್ಲಿ ಅಗೆದು ಮಂಡಿಗೆ ಕಳಿಸುತ್ತಿದ್ದುದು ಅದನ್ನೇ. ಅದು ತರಕಾರಿಯಲ್ಲ ಎಂದು ನಮಗೆ ಹೇಳಿದವರು ಯಾರು? ಆ ಹಾಳೆಯಲ್ಲಂತೂ ಬರೆದಿರಲಿಲ್ಲ.

ಅನ್ನ ಬಿಟ್ಟೆ. ವರ್ಕಿ ಬಿಟ್ಟೆ. ಟೀಗೆ ಸಕ್ಕರೆ ಬಿಟ್ಟೆ. ವರ್ಕಿಯ ನೆನಪು ಬಂದಾಗಲೆಲ್ಲ ಎರಡು ಬೇಯಿಸಿದ ಆಲೂಗಡ್ಡೆ, ಉಪ್ಪು, ಮೆಣಸಿನ ಪುಡಿ. ಅನ್ನದ ಬದಲು ತಟ್ಟೆ ತುಂಬ ಅದೇ, ಮೇಲೆ ಅವರೆಕಾಯಿ ಸಾರು. ಎಣ್ಣೆ ಒಂದು ಹನಿ ಇಲ್ಲ. ಇಷ್ಟು ರುಚಿಯಾದ ಪಥ್ಯವನ್ನು ಜನ ಯಾಕೆ ಬೈಯುತ್ತಾರೋ ಎಂದು ಬೀಗಿದೆ. ಹಟ್ಟಿಯ ಹೆಂಗಸರಿಗೂ ಬುದ್ಧಿ ಹೇಳಿದೆ.

ತಿಂಗಳಾದ ಮೇಲೆ ತಮ್ಮನ ಡಯಾಲಿಸಿಸ್ಸಿನ ದಿನವೇ ಹೋಗಿ ಆಸ್ಪತ್ರೆಯ ತೂಕದ ಮೇಲೆ ನಿಂತೆ. ಮುಳ್ಳು ಎಂಬತ್ತು ದಾಟಿತು. ಚಪ್ಪಲಿ ಬಿಟ್ಟು ನಿಂತೆ, ಸ್ವೆಟರ್ ತೆಗೆದು ನಿಂತೆ. ಎಂಬತ್ತೂವರೆ. ಡಾಕ್ಟರು ಏನು ತಿನ್ನುತ್ತೀರಿ ಎಂದು ಕೇಳಿದರು. ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಅದು ಅನ್ನವೇ ಅಮ್ಮಾ, ಮಣ್ಣಿನೊಳಗೆ ಬೆಳೆಯುವ ಅನ್ನ ಎಂದರು. ಪಕ್ಕದಲ್ಲಿದ್ದ ನರ್ಸ್ ನಕ್ಕಳು. ಜೊತೆಗೆ ಬಂದಿದ್ದ ತಮ್ಮನ ಹೆಂಡತಿ ನಗಲಿಲ್ಲ.

ಅವಳು ಮಾತಾಡಿದ್ದು ಬಸ್ಸು ಕೂನೂರಿನ ತಿರುವುಗಳನ್ನು ಹತ್ತುವಾಗ. ತಮ್ಮ ಮುಂದಿನ ಸೀಟಿನಲ್ಲಿ ಸುಸ್ತಾಗಿ ನಿದ್ದೆ ಹೋಗಿದ್ದ. ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು.

"ಅಕ್ಕಾ, ಮನಸು ಇಲ್ಲೆ ಅಂದರೆ ಇಲ್ಲೆ ಅಂತ ಹೇಳಿಬಿಡು. ಬೇರೆ ದಾರಿ ನೋಡುವೆ. ತಿಂದು ತಿಂದು ತಪ್ಪಿಸಿಕೊಳ್ಳಬೇಡ."

"ನಾ ಬೇಕಂತ ತಿಂದೆನಾ? ತರಕಾರಿ ಅಂತಲ್ಲವಾ ತಿಂದದ್ದು?"

"ಕಿಳಂಗು ತಿಂದರೆ ಮೈ ಬರುವುದು ಎನಗ ಗೊತ್ತು, ನಿನಗ ಗೊತ್ತಿಲ್ಲೆಯಾ? ಎಷ್ಟು ವರ್ಷ ತಿಂದಿದ್ದೀ?"

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಗಂಡನ ಮುಂದೆ ಅವಳನ್ನು ಚೆನ್ನಾಗಿ ಬೈದೆ. ಬೈದು ಮುಗಿದ ಮೇಲೂ ಅವಳ ಮಾತು ಹೋಗಲಿಲ್ಲ. ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಪೂರ್ತಿ ನಿಜವೇ? ಹೊಟ್ಟೆ ತುಂಬಿದ ಮೇಲೂ ಮೂರನೆಯ ಆಲೂಗಡ್ಡೆಯ ಸಿಪ್ಪೆ ಸುಲಿದ ದಿನಗಳಿದ್ದವು. ಆಗೆಲ್ಲ ನನ್ನ ಪಕ್ಕೆಯನ್ನು ಯಾರೋ ಕೊಯ್ಯುವುದು ಕಣ್ಣ ಮುಂದೆ ಬರುತ್ತಿತ್ತು. ತಮ್ಮನ ಮೇಲೆ ನನಗೆ ಪ್ರಾಣ. ನನ್ನ ಪ್ರಾಣದ ಮೇಲೂ ಪ್ರಾಣ. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಮಾರನೆಯ ದಿನ ಮನೆಯಲ್ಲಿದ್ದ ಆಲೂಗಡ್ಡೆ ಮೂಟೆಯನ್ನು ಪಕ್ಕದ ಮನೆಗೆ ಕೊಟ್ಟೆ. ನಿಜವಾದ ಪಥ್ಯ ಆಗ ಶುರುವಾಯಿತು, ನಿಜವಾದ ಆಸೆಯೂ.

ಕೋಸನ್ನು ಸಣ್ಣಗೆ ಹೆಚ್ಚಿ ಆವಿಯಲ್ಲಿ ಬೇಯಿಸಿ ಅನ್ನದಂತೆ ಬಡಿಸಿಕೊಂಡೆ. ಕಣ್ಣು ಮುಚ್ಚಿಕೊಂಡರೂ ಅದು ಅನ್ನವಾಗಲಿಲ್ಲ. "ಹಸುವಿಗೆ ಇಟ್ಟದ್ದು ಇದೇ, ನಿನಗೂ ಇದೇ. ಹಾಲು ಯಾರು ಕೊಡುವುದು?" ಎಂದ ಗಂಡ. ಮಧ್ಯಾಹ್ನ ತೋಟಕ್ಕೆ ಸೆರಗಿನಲ್ಲಿ ಎರಡು ಪೇರಿಕಾಯಿ, ಅಂದರೆ ಪೇರ್ ಹಣ್ಣು, ಕಟ್ಟಿಕೊಂಡು ಹೋಗುತ್ತಿದ್ದೆ. ಮದುವೆ ಮನೆಗಳಲ್ಲಿ ತುಪ್ಪದಿಟ್ಟಿನ ಬದಲು ಉಪ್ಪು ಹಾಕಿದ ಹಸಿ ಕ್ಯಾರೆಟ್ ಕಡಿಯುತ್ತಾ ಅಂಗಳದಲ್ಲಿ ನಿಲ್ಲುತ್ತಿದ್ದೆ. ಬಂದವರು ಉಣ್ಣದೆ ಹೋದರೆ ನಮ್ಮಲ್ಲಿ ಅವಮಾನ. ಹೀಗಾಗಿ ಮೂರು ಮನೆಯವರು ನನ್ನ ಮೇಲೆ ಮುನಿಸಿಕೊಂಡರು. ಒಂದು ಮನೆಯವರು ಇನ್ನೂ ಸರಿಯಾಗಿಲ್ಲ.

ಕಷ್ಟವಾದದ್ದು ನಾಲ್ಕು ಗಂಟೆ. ಮಂಡಕ್ಕಿ ತಿಂದು ನೋಡಿದೆ, ಹಲ್ಲಿಗೆ ಸಿಕ್ಕುವ ಮೊದಲೇ ಕರಗಿತು. ಕೊನೆಗೆ ರಾಗಿ ಹಿಟ್ಟನ್ನು ಜೀರಿಗೆ ಹಾಕಿ ಕಲಸಿ, ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ಎಣ್ಣೆಯಿಲ್ಲದ ಕಾವಲಿಯ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಗರಿಗರಿಯಾಗಿಸಿದೆ. ಮುರಿದರೆ ಕರಕ್ಕೆಂದಿತು. ಟೀಯಲ್ಲಿ ಅದ್ದಿದರೆ ಮುಳುಗಿ ತಳ ಸೇರಿತು. ಅದ್ದುವುದನ್ನು ಬಿಟ್ಟೆ. ಸಕ್ಕರೆಯಿಲ್ಲದ ಟೀಗೆ ಗೂಡಲೂರಿನ ನೆಂಟರು ಕಳಿಸಿದ ದಾಲ್ಚಿನ್ನಿ ಚೂರು ಹಾಕಿದೆ. ಎರಡು ವಾರ ಹೀಗೆ ಮಾಡಿದ ಮೇಲೆ ಒಂದು ವಿಷಯ ತಿಳಿಯಿತು. ನನಗೆ ಬೇಕಾಗಿದ್ದುದರಲ್ಲಿ ವರ್ಕಿ ಅರ್ಧ ಮಾತ್ರ. ಉಳಿದರ್ಧ ಆ ಹೊಸ್ತಿಲು, ಕಾಲು ಚಾಚಿ ಕೂರುವುದು, ಬಾಯಿಯೊಳಗೆ ಏನೋ ಸದ್ದಾಗುವುದು. ಆ ಅರ್ಧ ಸಿಕ್ಕಿದರೆ ನಾಲಿಗೆ ಅಷ್ಟಿಷ್ಟು ಸುಮ್ಮನಾಗುತ್ತಿತ್ತು. ಪೂರ್ತಿ ಸುಮ್ಮನಾಯಿತು ಎಂದರೆ ಸುಳ್ಳು.

ವಾರಕ್ಕೊಮ್ಮೆ ಎಲೆ ತೂಗುವ ಶೆಡ್ಡಿನಲ್ಲಿ, ಮೂಟೆ ಇಡುವ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ತೂಗುವವನಿಗೆ ಅದು ತಮಾಷೆ.

"ಅಕ್ಕಾ, ಮಳೆಯಲ್ಲಿ ನೆನೆದ ಎಲೆಗೆ ನೀರಿನ ಲೆಕ್ಕ ಅಂತ ಎರಡು ಕಿಲೋ ಕಳೆಯುವೆ. ನೀ ನೆನೆದು ಬಾ, ನಿನಗೂ ಕಳೆಯುವೆ."

"ಎಲೆಗೆ ಕಳೆದದ್ದೇ ಸಾಕು. ಎನಗ ಇದ್ದದ್ದು ಇದ್ದ ಹಾಗೆ ಹೇಳು."

ಎಪ್ಪತ್ತೇಳು, ಎಪ್ಪತ್ತೈದು, ಎಪ್ಪತ್ತೆರಡು. ಇಳಿದಂತೆಲ್ಲ ಖುಷಿಯಾಗುತ್ತಿತ್ತು, ಭಯವೂ ಆಗುತ್ತಿತ್ತು. ಪ್ರತಿ ಕಿಲೋ ಕಳೆದಾಗಲೂ ಆಪರೇಷನ್ ಅಷ್ಟು ಹತ್ತಿರ ಬರುತ್ತಿತ್ತು. ನಾಲ್ಕೂವರೆ ತಿಂಗಳಿಗೆ ಎಪ್ಪತ್ತಕ್ಕೆ ಇಳಿದೆ. ಆ ಹೊತ್ತಿಗೆ ತಮ್ಮ ನನಗಿಂತ ಹೆಚ್ಚು ಇಳಿದಿದ್ದ.

ತಮ್ಮ ಬದುಕಿದ. ಈಗಲೂ ನಂಜನಾಡಿನಲ್ಲಿ ಕ್ಯಾರೆಟ್ ಹಾಕುತ್ತಾನೆ, ನನ್ನ ಜೊತೆ ಜಗಳವಾಡುತ್ತಾನೆ. ಆಪರೇಷನ್ನಿನದು ನನಗೆ ಹೆಚ್ಚೇನೂ ನೆನಪಿಲ್ಲ. ನೆನಪಿರುವುದು ಅದಕ್ಕೆ ಎರಡು ದಿನ ಮುಂಚಿನ ಒಂದು ಕೋಣೆ. ಆಸ್ಪತ್ರೆಯ ಒಬ್ಬ ಹೆಂಗಸು ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಇಷ್ಟವಿಲ್ಲದಿದ್ದರೆ ಈಗಲೂ ಹೇಳಬಹುದು, ಹೊರಗೆ ಯಾರಿಗೂ ತಿಳಿಯುವುದಿಲ್ಲ, ನಿಮ್ಮ ತೂಕ ಇನ್ನೂ ಸರಿಹೋಗಿಲ್ಲ ಎಂದು ನಾವೇ ಹೇಳಿಬಿಡುತ್ತೇವೆ ಎಂದರು.

ಬಸ್ಸಿನಲ್ಲಿ ತಮ್ಮನ ಹೆಂಡತಿ ಹೊರಿಸಿದ ಆರೋಪವನ್ನೇ ಅವರು ನೆಪವಾಗಿ ಮಡಿಸಿ ನನ್ನ ಕೈಗೆ ಕೊಡುತ್ತಿದ್ದರು. ನನಗಿಂತ ಮೊದಲು ಎಷ್ಟೋ ಜನ ಅದನ್ನು ತೆಗೆದುಕೊಂಡಿರಬೇಕು, ಇಲ್ಲದಿದ್ದರೆ ಇಷ್ಟು ಸಿದ್ಧವಾಗಿ ಇರುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ಕುಳಿತೆ. ಅವರೂ ಅವಸರ ಮಾಡಲಿಲ್ಲ. ಆಮೇಲೆ, ತೂಕ ಸರಿಯಾಗಿದೆ, ಬರೆದುಕೊಳ್ಳಿ ಎಂದೆ.

ಹೊರಗೆ ಬಂದರೆ ತಮ್ಮನ ಹೆಂಡತಿ ಬೆಂಚಿನಿಂದ ಎದ್ದು ನಿಂತಿದ್ದಳು. ಒಳಗೆ ಏನು ಕೇಳಿದರು ಎಂದು ಅವಳು ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಳೇನೋ. ಕೈ ಹಿಡಿದು ಕೂರಿಸಿದಳು. ನೆಲ ನೋಡುತ್ತಾ ಹೇಳಿದಳು.

"ಅಕ್ಕಾ, ಎನ್ನ ರಕ್ತ ಸೇರುವುದಿಲ್ಲೆ ಅಂತ ಡಾಕ್ಟರು ಹೇಳಿದ ದಿವಸ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅಷ್ಟು ನೆಮ್ಮದಿಯಾಗಿ ಎಂದೂ ಉಂಡಿರಲಿಲ್ಲೆ."